ಬಾಡಿಗೆ ಡಬ್ಬಿ ವಾಪಸ್ ಕೊಡಿ

ಕಳೆದ ವರ್ಷ ನಮ್ಮ ಕನ್ನಡ ಶಾಲೆಯ ಮೂರ್ನಾಲ್ಕು ಮನೆಗಳ ಹಳೇ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಟ್ಟೆ. ಮಕ್ಕಳು ಕಗಪ ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡೋದನ್ನು ನೋಡಿ ಖುಷಿಯಾಗಿತ್ತು. ಆಮೇಲೆ ಶುರುವಾಯಿತು ನೋಡಿ ಫೋನು. "ಇಂಟರ್ನೆಟ್ ಕಂಪನಿಯವರು ಲಿನಕ್ಸ್‌ಗೆ ಸಪೋರ್ಟ್ ಇಲ್ಲ ಅಂತಾರೆ. ಮತ್ತೆ ವಿಂಡೋಸ್ ಹಾಕಿಬಿಡೋಣ್ವಾ?"

ದಯವಿಟ್ಟು ಬೇಡ. ಸಪೋರ್ಟ್ ಇಲ್ಲ ಅಂದರೆ ನಡೆಯೋದಿಲ್ಲ ಅಂತಲ್ಲ, ಫೋನ್ ಎತ್ತಿದವರ ಮುಂದೆ ಆ ಪುಟ ಇಲ್ಲ ಅಂತ ಅಷ್ಟೇ. ರೂಟರ್‌ಗೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನಿದೆ ಅನ್ನೋದು ಬೇಕಾಗಿಲ್ಲ. ತಮಾಷೆ ಏನೆಂದರೆ, ಎಷ್ಟೋ ರೂಟರ್‌ಗಳ ಒಳಗೇ ಲಿನಕ್ಸ್ ಇದೆ. ಲಿಂಕ್‌ಸಿಸ್‌ನ ನೀಲಿ-ಕಪ್ಪು ರೂಟರ್ ನೆನಪಿದೆಯಾ? ಅದರ ಸೋರ್ಸ್ ಕೋಡನ್ನು 2003ರಲ್ಲಿ ಹೊರಗೆ ಬಿಡಬೇಕಾಯಿತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು.

ತೊಂದರೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ವೈಫೈ ಚಿಪ್‌ನಲ್ಲಿರುತ್ತೆ. ಇಂಟೆಲ್ ಚಿಪ್ ಇದ್ದರೆ ಹೆಚ್ಚಾಗಿ ತಲೆನೋವಿಲ್ಲ. ಬ್ರಾಡ್‌ಕಾಮ್ ಚಿಪ್ ಅಥವಾ ಅಗ್ಗದ ಯುಎಸ್‌ಬಿ ಅಡಾಪ್ಟರ್ ಆದರೆ ಡ್ರೈವರ್ ಬೇರೆ ಹುಡುಕಬೇಕಾಗಬಹುದು. ಕಂಪನಿಗೆ ಬೈಯುವ ಮೊದಲು ಈಥರ್ನೆಟ್ ಕೇಬಲ್ ಚುಚ್ಚಿ ನೋಡಿ. ಕೇಬಲ್‌ನಲ್ಲಿ ಬಂತು, ವೈಫೈಯಲ್ಲಿ ಬರಲಿಲ್ಲ ಅಂದರೆ ತಪ್ಪು ಕಂಪನಿಯದ್ದಲ್ಲ.

ಈಗ ದುಡ್ಡಿನ ವಿಷಯ. ಮೋಡೆಮ್ಮು ರೂಟರ್ರು ಎರಡೂ ಸೇರಿದ ಡಬ್ಬಿಗೆ ನಾನು ತಿಂಗಳಿಗೆ 15 ಡಾಲರ್ ಬಾಡಿಗೆ ಕಟ್ಟುತ್ತಿದ್ದೆ. ವರ್ಷಕ್ಕೆ 180! ಇಂಜಿನಿಯರ್ ಅಂತ ಹೇಳಿಕೊಳ್ಳೋಕೆ ನಾಚಿಕೆ. ಕೇಬಲ್ ಇಂಟರ್ನೆಟ್ ಆದರೆ ಕಂಪನಿಯ ಒಪ್ಪಿಗೆ ಪಟ್ಟಿಯಲ್ಲಿರುವ ಡಾಕ್ಸಿಸ್ 3.1 ಮೋಡೆಮ್ ಕೊಳ್ಳಿ, ರೂಟರ್ ಬೇರೆ ಕೊಳ್ಳಿ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತೆ. ಫೈಬರ್ ಆದರೆ ಗೋಡೆಯ ಮೇಲಿನ ಡಬ್ಬಿ ಅವರದ್ದೇ, ನಿಮಗೆ ರೂಟರ್ ಸಾಕು. ನಿಮ್ಮದೇ ಉಪಕರಣ ಬಳಸಿದರೆ ಬಾಡಿಗೆ ಕೇಳುವಂತಿಲ್ಲ ಅಂತ 2020ರ ಡಿಸೆಂಬರ್‌ನಿಂದ ಅಮೆರಿಕದಲ್ಲಿ ಕಾನೂನೇ ಇದೆ. ಆದರೂ ನಾನು ಡಬ್ಬಿ ವಾಪಸ್ ಕೊಟ್ಟ ಮೇಲೆ ಎರಡು ತಿಂಗಳು ಬಾಡಿಗೆ ಬಂತು. ಉಳಿಸಿದ್ದು ರಸೀದಿ. ಅದನ್ನು ಎಸೆಯಬೇಡಿ.

ಸ್ವಂತ ಮೋಡೆಮ್ ಇದ್ದರೆ ಲೈನ್ ಕೆಟ್ಟಾಗ "ನಿಮ್ಮ ಮೋಡೆಮ್ಮೇ ಸರಿಯಿಲ್ಲ" ಅನ್ನೋ ಮಾತು ಕೇಳಬೇಕಾಗುತ್ತೆ, ಒಪ್ಪುತ್ತೇನೆ. ಕೆಲವು ಪ್ಲಾನ್‌ಗಳಲ್ಲಿ ಅವರ ಡಬ್ಬಿ ತಗೊಂಡರೆ ಮಾತ್ರ ಡೇಟಾ ಮಿತಿ ಇರೋಲ್ಲ; ಅಲ್ಲಿ ಲೆಕ್ಕ ತಿರುಗುಮುರುಗು ಆಗಬಹುದು. ಕೂಡಿ ಕಳೆದು ನೋಡಿ.

ಕಂಪನಿ ಆರಿಸುವಾಗ ಜಾಹೀರಾತು ಬಿಡಿ, "ಬ್ರಾಡ್‌ಬ್ಯಾಂಡ್ ಫ್ಯಾಕ್ಟ್ಸ್" ಪಟ್ಟಿ ಓದಿ. ಆಹಾರದ ಪೊಟ್ಟಣದ ಮೇಲಿರುತ್ತಲ್ಲ, ಹಾಗೇ ಇರುತ್ತೆ. 2024ರಿಂದ ಎಫ್‌ಸಿಸಿ ಕಡ್ಡಾಯ ಮಾಡಿದೆ. ತಿಂಗಳ ದರ, ಶುಲ್ಕಗಳು, ವೇಗ, ಡೇಟಾ ಮಿತಿ ಎಲ್ಲ ಅದರಲ್ಲಿದೆ. ನಾವೆಲ್ಲ ಡೌನ್‌ಲೋಡ್ ಸಂಖ್ಯೆ ನೋಡಿ ಮರುಳಾಗ್ತೀವಿ. ಆದರೆ ಹಾಸನದಲ್ಲಿರುವ ಅಜ್ಜಿಗೆ ಮೊಮ್ಮಗಳ ಮುಖ ಸರಿಯಾಗಿ ಕಾಣಬೇಕಾದರೆ ಬೇಕಾದದ್ದು ನಮ್ಮ ಅಪ್‌ಲೋಡ್. ಕೇಬಲ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಅದೇ ಕಡಿಮೆ. ನಿಮ್ಮ ಬೀದಿಗೆ ಫೈಬರ್ ಬಂದಿದ್ದರೆ ಯೋಚಿಸದೆ ತಗೊಳ್ಳಿ.

ಐವತ್ತು ಅಡಿ ಈಥರ್ನೆಟ್ ಕೇಬಲ್ ಒಂದು ನನ್ನ ಕಾರಿನ ಡಿಕ್ಕಿಯಲ್ಲೇ ಇರುತ್ತೆ. ಭಾನುವಾರ ತರಗತಿ ಮುಗಿದ ಮೇಲೆ ಬೇಕಾದವರು ಕೇಳಿ, ವಾರದ ಮಟ್ಟಿಗೆ ಕೊಡ್ತೀನಿ.