ದಕ್ಷಿಣ ಬೆಂಗಳೂರಿನಲ್ಲಿ ಸರ್ಕಾರಿ ತಾಂತ್ರಿಕ ಶಿಕ್ಷಣದ ವಿಸ್ತರಣೆ ಮತ್ತು ಸುಧಾರಣೆಗಾಗಿ ಮನವಿ ಪತ್ರ

ಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ,
ಬಹುಮಹಡಿಗಳ ಕಟ್ಟಡ, ಬೆಂಗಳೂರು.

ಇವರಿಂದ: ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಯ ನಿವಾಸಿಗಳಾದ ಪೋಷಕರು, ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ನಿವೃತ್ತ ತಾಂತ್ರಿಕ ಶಿಕ್ಷಕರು.

ವಿಷಯ: ದಕ್ಷಿಣ ಬೆಂಗಳೂರಿನಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಸೌಲಭ್ಯದ ವಿಸ್ತರಣೆ, ಕಾರ್ಯಾಗಾರಗಳ ನವೀಕರಣ, ಬೋಧಕ ಹುದ್ದೆಗಳ ಭರ್ತಿ ಹಾಗೂ ಅಪ್ರೆಂಟಿಸ್ ತರಬೇತಿಯ ವ್ಯವಸ್ಥೆ ಕುರಿತು.

ಮಾನ್ಯರೇ,

ಮೇಲ್ಕಂಡ ನಿವಾಸಿಗಳು ಸಲ್ಲಿಸುತ್ತಿರುವ ಈ ಮನವಿಯ ತಿರುಳು ಇಷ್ಟು: ತಾಂತ್ರಿಕ ಶಿಕ್ಷಣಕ್ಕೆ ಈ ನಾಡಿನಲ್ಲಿ ಬುನಾದಿ ಹಾಕಿದ್ದು ಸರ್ಕಾರವೇ ಆಗಿದ್ದರೂ, ಕಳೆದ ಕೆಲವು ದಶಕಗಳಲ್ಲಿ ಎಂಜಿನಿಯರಿಂಗ್ ಪದವಿ ಶಿಕ್ಷಣದ ಬೆಳವಣಿಗೆ ಬಹುಮಟ್ಟಿಗೆ ಖಾಸಗಿ ಸಂಸ್ಥೆಗಳ ಪಾಲಾಗಿದೆ, ಎಂಜಿನಿಯರಿಗೂ ಕಾರ್ಮಿಕನಿಗೂ ನಡುವೆ ನಿಂತು ಕೆಲಸ ಮಾಡಿಸುವ ತಂತ್ರಜ್ಞರನ್ನು ರೂಪಿಸುವ ಡಿಪ್ಲೊಮಾ ಮತ್ತು ಐಟಿಐ ಶಿಕ್ಷಣಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಈ ಮಧ್ಯದ ಹಂತವನ್ನು ಬಲಪಡಿಸುವುದು ಸರ್ಕಾರದಿಂದ ಮಾತ್ರ ಸಾಧ್ಯವೆಂಬುದು ಮನವಿದಾರರ ನಿಲುವಾಗಿದ್ದು, ಕೆಳಗಿನ ಬೇಡಿಕೆಗಳೆಲ್ಲ ಈ ನಿಲುವಿನಿಂದಲೇ ಹೊರಟಿವೆ.

ಹಿನ್ನೆಲೆ

1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಈ ಕಾಲೇಜು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಅಂಗವಾಗಿ, ಮುಂದೆ ಯುವಿಸಿಇ ಎಂಬ ಹೆಸರಿನಿಂದ ಮನೆಮಾತಾಯಿತು. 2021ರ ಕಾಯ್ದೆಯ ಮೂಲಕ ರಾಜ್ಯ ಸರ್ಕಾರ ಅದಕ್ಕೆ ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ನೀಡಿದೆ. ದೇಶದ ಮೊದಲ ಐಐಟಿ ಖರಗಪುರದಲ್ಲಿ ತಲೆಯೆತ್ತಿದ್ದು 1951ರಲ್ಲಿ ಎಂಬುದನ್ನು ನೆನೆದರೆ, ಒಂದು ದೇಶೀ ಸಂಸ್ಥಾನ ಅದಕ್ಕಿಂತ 34 ವರ್ಷ ಮೊದಲೇ ತನ್ನ ಬೊಕ್ಕಸದಿಂದ ಇಂಥ ಕಾಲೇಜನ್ನು ಕಟ್ಟಿದ್ದರ ಮಹತ್ವ ತಿಳಿಯುತ್ತದೆ.

ಪದವಿ ಕಾಲೇಜಿನಷ್ಟಕ್ಕೇ ಆ ಪ್ರಯತ್ನ ನಿಲ್ಲಲಿಲ್ಲ. 1938ರಲ್ಲಿ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ, 1943ರಲ್ಲಿ ಇಂದು ಎಸ್.ಜೆ. ಪಾಲಿಟೆಕ್ನಿಕ್ ಎಂದು ಹೆಸರಾಗಿರುವ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದವು. ಪಾಲಿಟೆಕ್ನಿಕ್ ಎಂದರೆ ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಮೂರು ವರ್ಷದ ಡಿಪ್ಲೊಮಾ ನೀಡುವ ತಾಂತ್ರಿಕ ಶಾಲೆ. ನಕ್ಷೆ ಓದುವುದು, ಅಳತೆ ಹಿಡಿಯುವುದು, ಯಂತ್ರ ನಡೆಸುವುದು, ಕೆಲಸಗಾರರ ತಂಡದ ಉಸ್ತುವಾರಿ ನೋಡುವುದು ಇದರ ಮುಖ್ಯ ಕಲಿಕೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಒಂದರ ಹಿಂದೊಂದು ಬೆಂಗಳೂರಿಗೆ ಬಂದಾಗ ಅವುಗಳಿಗೆ ಬೇಕಾಗಿದ್ದ ಮೇಲ್ವಿಚಾರಕರನ್ನೂ ನುರಿತ ಕೆಲಸಗಾರರನ್ನೂ ಸ್ಥಳೀಯವಾಗಿಯೇ ಒದಗಿಸುವ ನೆಲೆಯನ್ನು ಇಂಥ ಸಂಸ್ಥೆಗಳು ಹದಗೊಳಿಸಿದ್ದವು. ಬೆಂಗಳೂರಿನ ಕೈಗಾರಿಕಾ ಇತಿಹಾಸದಲ್ಲಿ ಕಾರ್ಖಾನೆ ಬಂದ ಮೇಲೆ ಶಾಲೆ ಬಂದದ್ದಕ್ಕಿಂತ, ಶಾಲೆ ಇದ್ದುದರಿಂದ ಕಾರ್ಖಾನೆ ಬೇರುಬಿಟ್ಟದ್ದೇ ಹೆಚ್ಚು.

ಖಾಸಗಿ ಪ್ರಯತ್ನದ ಮೊದಲ ಮೈಲಿಗಲ್ಲು ದಕ್ಷಿಣ ಬೆಂಗಳೂರಿನದು. ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಆರಂಭಿಸಿದ, ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿರುವ ಬಿ.ಎಂ.ಎಸ್. ಕಾಲೇಜು ದೇಶದ ಮೊದಲ ಖಾಸಗಿ ಎಂಜಿನಿಯರಿಂಗ್ ಕಾಲೇಜೆಂದು ಹೆಸರಾಗಿದೆ. ಮುಂದೆ 1979ರಲ್ಲಿ ವಿ.ವಿ. ಪುರದಲ್ಲಿ ಬೆಂಗಳೂರು ತಾಂತ್ರಿಕ ಸಂಸ್ಥೆ, ಅದೇ ವರ್ಷ ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ ಕಾಲೇಜು, 2001ರಲ್ಲಿ ಬನಶಂಕರಿ ಎರಡನೇ ಹಂತದಲ್ಲಿ ಬಿ.ಎನ್.ಎಂ. ಸಂಸ್ಥೆ ಬಂದವು. ಈ ವಿಸ್ತರಣೆಯ ವೇಗದೊಡನೆಯೇ ಶುಲ್ಕದ ಪ್ರಶ್ನೆಯೂ ಎದ್ದು, ಅದನ್ನು ಹದ್ದುಬಸ್ತಿನಲ್ಲಿಡಲು ರಾಜ್ಯವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯನ್ನೂ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಅಂದರೆ ಸಿಇಟಿಯನ್ನೂ ಜಾರಿಗೆ ತಂದಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾಗಿ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು. ಹೀಗೆ ಕಟ್ಟುವ ಕೆಲಸದಿಂದ ನಿಯಂತ್ರಿಸುವ ಕೆಲಸಕ್ಕೆ ಸರ್ಕಾರದ ಪಾತ್ರ ಸರಿದುದೇ ಈ ಅವಧಿಯ ಮುಖ್ಯ ಬದಲಾವಣೆ.

ಇಂದಿನ ಸ್ಥಿತಿ

ಸರ್ಕಾರಿ ಬುನಾದಿಯ ಮೇಲ್ಕಂಡ ಮೂರು ಹಳೆಯ ಸಂಸ್ಥೆಗಳೂ ಕೆ.ಆರ್. ವೃತ್ತ ಹಾಗೂ ಶೇಷಾದ್ರಿ ರಸ್ತೆಯ ಆಸುಪಾಸಿನಲ್ಲೇ ಇವೆ. ಅವು ತಲೆಯೆತ್ತಿದಾಗ ಜಯನಗರವೇ ಇರಲಿಲ್ಲ, ಅದರ ಸ್ಥಾಪನೆ 1948ರದು. ಇಂದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನಿಂದಾದ ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಯುವಕರಲ್ಲಿ ರಾಜ್ಯದ ನಾನಾ ಜಿಲ್ಲೆಗಳಿಂದ ಬಂದು ಹಗಲು ದುಡಿದು ಮುಂದೆ ಓದಬಯಸುವವರು ಹಲವರಿದ್ದಾರೆ. ಪದವಿ ಸೀಟಿನ ಖಾಸಗಿ ಶುಲ್ಕ ಅವರ ಕೈಗೆಟುಕುವುದಿಲ್ಲ; ಸರ್ಕಾರಿ ಪಾಲಿಟೆಕ್ನಿಕ್‌ನ ಹಗಲು ತರಗತಿ ಅವರ ದುಡಿಮೆಗೆ ಹೊಂದುವುದಿಲ್ಲ.

ವಿಷಯಗಳ ಹಂಚಿಕೆಯಲ್ಲೂ ಅಸಮತೋಲನ ಬೆಳೆದಿದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕವಾದ ಎಐಸಿಟಿಇ, 2024-25ರಿಂದ ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿದ ಮೇಲೆ ಕಂಪ್ಯೂಟರ್ ವಿಜ್ಞಾನದ ಸೀಟುಗಳನ್ನು ಹೆಚ್ಚಿಸುವ ದಾರಿ ಸಲೀಸಾಗಿ, ಸಿವಿಲ್ ಹಾಗೂ ಮೆಕ್ಯಾನಿಕಲ್ ವಿಭಾಗಗಳು ಸೊರಗುವ ಅಪಾಯ ಹೆಚ್ಚಿದೆ. ಇತ್ತ ಇದೇ ಬಡಾವಣೆಗಳ ನಡುವೆ ರಾಗಿಗುಡ್ಡದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ಮೇಲೆ ಮೆಟ್ರೊ, ಕೆಳಗೆ ವಾಹನ ರಸ್ತೆ ಇರುವ, ಮೂರು ಕಿಲೋಮೀಟರಿಗೂ ಮಿಕ್ಕ ಉದ್ದದ ಎರಡು ಹಂತದ ಮೇಲ್ಸೇತುವೆ ನಿರ್ಮಾಣವಾಗಿದೆ. ನಗರ ಬೆಳೆಯುತ್ತಿರುವುದು ಕಾಂಕ್ರೀಟು, ಉಕ್ಕು, ನೀರು, ವಿದ್ಯುತ್ತಿನ ಮೇಲೆ; ಅವುಗಳನ್ನು ಕಲಿಸುವ ವಿಭಾಗಗಳಿಗೆ ಮಾತ್ರ ಕಾವಲಿಲ್ಲ.

ಕಲಿಕೆಯ ಗುಣಮಟ್ಟವನ್ನು ಅಳೆಯಲು ಕಾರ್ಯಾಗಾರದೊಳಗೆ ಒಂದು ಗಂಟೆ ನಿಂತರೆ ಸಾಕು. ಲೇತ್ ಯಂತ್ರದ ಮೇಲೆ ಕಬ್ಬಿಣದ ಸರಳನ್ನು ಹಿಡಿಸಿ, ಮಧ್ಯ ಸರಿಮಾಡಿ, ಹಂತ ಹಂತವಾಗಿ ಕೊರೆದು, ವರ್ನಿಯರ್ ಕ್ಯಾಲಿಪರ್‌ನಿಂದ ಅಳತೆ ನೋಡುವ ಕೆಲಸವನ್ನು ಪ್ರತಿ ವಿದ್ಯಾರ್ಥಿಯೂ ಸ್ವತಃ ಮಾಡಿದಾಗಲೇ ಕೈ ಪಳಗುತ್ತದೆ. ಯಂತ್ರಗಳು ಕಡಿಮೆಯಿದ್ದೆಡೆ ಒಬ್ಬ ಮಾಡಿ ಉಳಿದವರು ಸುತ್ತ ನಿಂತು ನೋಡಿ ರೆಕಾರ್ಡ್ ಪುಸ್ತಕ ತುಂಬುತ್ತಾರೆ. ಹೀಗೆ ಕೈ ಪಳಗದವನು ಕೊನೆಯ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಸಿದ್ಧ ಮಾದರಿಯನ್ನು ಹಣ ಕೊಟ್ಟು ಕೊಳ್ಳುವುದು ನಗರದಲ್ಲಿ ಗುಟ್ಟಾಗಿ ಉಳಿದಿಲ್ಲ. ಇದನ್ನು ವಿದ್ಯಾರ್ಥಿಯ ಸೋಮಾರಿತನವೆಂದಷ್ಟೇ ಕಂಡರೆ ಸಾಲದು. ಉಪಕರಣ, ಕಚ್ಚಾ ಸಾಮಗ್ರಿ ಮತ್ತು ಬೋಧಕರ ಕೊರತೆಯೂ ಇದಕ್ಕೆ ಕಾರಣ.

ಸರ್ಕಾರದಿಂದ ಒಳ್ಳೆಯ ಸಂಸ್ಥೆ ನಡೆಸಲಾಗದೆಂಬ ವಾದಕ್ಕೆ ಬೆಂಗಳೂರಿನಲ್ಲೇ ಉತ್ತರವಿದೆ. ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಕೈಗಾರಿಕೆಗಳಿಗೆ ಅಚ್ಚು ಹಾಗೂ ಉಪಕರಣಗಳನ್ನು ತಯಾರಿಸಿಕೊಡುತ್ತಲೇ ವಿದ್ಯಾರ್ಥಿಗಳಿಗೆ ತರಬೇತಿ ನೀಡುತ್ತದೆ. ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ ಪಡೆಯುವುದು ಕಡ್ಡಾಯ. ಜರ್ಮನಿಯಲ್ಲಿ ವಾರದ ಕೆಲವು ದಿನ ಶಾಲೆಯಲ್ಲಿ, ಉಳಿದ ದಿನ ಉದ್ದಿಮೆಯಲ್ಲಿ ಕಲಿಯುವ ಜೋಡಿ ಪದ್ಧತಿಯ ಸಾರವೂ ಇದೇ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಸುಮಾರು ರೂ. 4,636 ಕೋಟಿಯ ಯೋಜನೆಯಡಿ ನವೀಕರಿಸಿದ್ದು, ಮನಸ್ಸು ಮಾಡಿದರೆ ದೊಡ್ಡ ಪ್ರಮಾಣದ ಹೂಡಿಕೆ ಸಾಧ್ಯವೆಂಬುದಕ್ಕೆ ನಿದರ್ಶನ.

ಬೇಡಿಕೆಗಳು

1. ದಕ್ಷಿಣ ಬೆಂಗಳೂರಿನಲ್ಲಿ, ಮೆಟ್ರೊದ ಹಸಿರು ಅಥವಾ ಹಳದಿ ಮಾರ್ಗದ ನಿಲ್ದಾಣದಿಂದ ನಡೆದು ತಲುಪಬಹುದಾದ ಸ್ಥಳದಲ್ಲಿ, ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳುಳ್ಳ ಪೂರ್ಣ ಪ್ರಮಾಣದ ಸರ್ಕಾರಿ ಪಾಲಿಟೆಕ್ನಿಕ್ ಸ್ಥಾಪಿಸಬೇಕು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಬಡಾವಣೆ, ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರ ತಲುಪುವುದರಿಂದ, ಈ ಮಾರ್ಗದಲ್ಲಿ ಪಾಲಿಟೆಕ್ನಿಕ್ ಇದ್ದರೆ ಮನೆ, ತರಗತಿ, ಕಾರ್ಖಾನೆ ಮೂರೂ ಒಂದೇ ರೈಲಿನ ದಾರಿಗೆ ಬರುತ್ತವೆ.

2. ದುಡಿಯುವವರಿಗಾಗಿ ಈ ಪಾಲಿಟೆಕ್ನಿಕ್‌ನಲ್ಲಿ ಸಂಜೆ ಪಾಳಿಯ ತರಗತಿಗಳಿರಬೇಕು. ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿ ವ್ಯವಸ್ಥೆಯನ್ನು ಬಳಸಿಕೊಂಡು, ಉದ್ಯೋಗದಲ್ಲಿರುವ ಡಿಪ್ಲೊಮಾದಾರರಿಗೆ ಸರ್ಕಾರಿ ಕಾಲೇಜುಗಳಲ್ಲಿ ಸಂಜೆಯ ಪದವಿ ತರಗತಿಗಳನ್ನೂ ವಿಸ್ತರಿಸಬೇಕು.

3. ಐಟಿಐಗಳಿಗೆ ದೊರೆತ ಮಾದರಿಯ ನವೀಕರಣವನ್ನು ಸರ್ಕಾರಿ ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಗಳಿಗೂ ವಿಸ್ತರಿಸಿ, ಒಂದು ಯಂತ್ರಕ್ಕೆ ಇಷ್ಟೇ ವಿದ್ಯಾರ್ಥಿಗಳೆಂಬ ಮಿತಿಯನ್ನು ಆದೇಶದ ಮೂಲಕ ನಿಗದಿಪಡಿಸಬೇಕು. ಯಂತ್ರ ಖರೀದಿಯ ಜೊತೆಗೇ ದುರಸ್ತಿ, ಕಚ್ಚಾ ಲೋಹ ಹಾಗೂ ಕೊರೆಯುವ ಉಳಿಗಳಿಗೆ ಪ್ರತಿ ವರ್ಷ ಪ್ರತ್ಯೇಕ ಅನುದಾನ ಇಡದಿದ್ದರೆ ಹೊಸ ಯಂತ್ರವೂ ಕೆಲವೇ ವರ್ಷಗಳಲ್ಲಿ ಮೂಲೆ ಸೇರುತ್ತದೆ.

4. ಮಂಜೂರಾಗಿ ಖಾಲಿ ಇರುವ ಬೋಧಕ, ಬೋಧಕೇತರ ಹುದ್ದೆಗಳನ್ನು ಕಾಲಮಿತಿಯೊಳಗೆ ಭರ್ತಿ ಮಾಡಬೇಕು. ಅಲ್ಲಿಯವರೆಗೆ ನೇಮಕವಾಗುವ ಅತಿಥಿ ಉಪನ್ಯಾಸಕರಿಗೆ ಸೆಮಿಸ್ಟರ್ ಆರಂಭಕ್ಕೆ ಮೊದಲೇ ಆದೇಶ ನೀಡಿ, ಗೌರವಧನವನ್ನು ತಿಂಗಳು ತಿಂಗಳೂ ಪಾವತಿಸಬೇಕು. ಬೋಧಕರು ಐದು ವರ್ಷಕ್ಕೊಮ್ಮೆಯಾದರೂ ಕೈಗಾರಿಕೆಯಲ್ಲಿ ಕೆಲಕಾಲ ಕೆಲಸ ಮಾಡಿ ಬರಲು ವೇತನಸಹಿತ ಅವಕಾಶವಿರಬೇಕು.

5. ಸರ್ಕಾರಿ ಸಂಸ್ಥೆಗಳಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳ ಸೀಟುಗಳನ್ನು ಒಂದೆರಡು ವರ್ಷದ ಬೇಡಿಕೆಯ ಏರಿಳಿತ ನೋಡಿ ಕಡಿತಗೊಳಿಸದೆ, ಆ ವಿಭಾಗಗಳಿಗೆ ಸೇರುವ ವಿದ್ಯಾರ್ಥಿಗಳಿಗೆ ಶುಲ್ಕ ರಿಯಾಯಿತಿ ಹಾಗೂ ವಿದ್ಯಾರ್ಥಿವೇತನ ನೀಡಬೇಕು.

6. 1961ರ ಅಪ್ರೆಂಟಿಸ್ ಕಾಯ್ದೆಯನ್ನು ಸರ್ಕಾರವೇ ಮೊದಲು ಪಾಲಿಸಿ ತೋರಿಸಬೇಕು. ಕೆಲಸ ಮಾಡುತ್ತಲೇ ಶಿಷ್ಯವೇತನ ಪಡೆದು ಕಲಿಯುವವರೇ ಅಪ್ರೆಂಟಿಸ್‌ಗಳು. 1973ರ ತಿದ್ದುಪಡಿಯ ಮೂಲಕ ಪದವೀಧರರೂ ಡಿಪ್ಲೊಮಾದಾರರೂ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳಬೇಕೆಂಬ ನಿಯಮ ಜಾರಿಯಲ್ಲಿದೆ. ಮೆಟ್ರೊ, ಮೇಲ್ಸೇತುವೆ, ಒಳಚರಂಡಿ, ವಿದ್ಯುತ್ ಮಾರ್ಗಗಳ ಪ್ರತಿಯೊಂದು ದೊಡ್ಡ ಸರ್ಕಾರಿ ಟೆಂಡರಿನಲ್ಲೂ ಸ್ಥಳೀಯ ಪಾಲಿಟೆಕ್ನಿಕ್ ಮತ್ತು ಐಟಿಐ ವಿದ್ಯಾರ್ಥಿಗಳಿಗೆ ಇಂತಿಷ್ಟು ಅಪ್ರೆಂಟಿಸ್ ಸ್ಥಾನ ಎಂಬ ಷರತ್ತು ಸೇರಬೇಕು. ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶಗಳೊಡನೆ ಲಿಖಿತ ಒಪ್ಪಂದಗಳಾಗಬೇಕು. ಯುವನಿಧಿ ಯೋಜನೆಯಡಿ ನಿರುದ್ಯೋಗಿ ಡಿಪ್ಲೊಮಾದಾರರಿಗೆ ಸರ್ಕಾರ ತಿಂಗಳಿಗೆ ರೂ. 1,500 ನೀಡುತ್ತಿರುವುದು ಸ್ವಾಗತಾರ್ಹವಾದರೂ, ಓದು ಮುಗಿದ ಕೂಡಲೇ ಒಂದು ವರ್ಷದ ಅಪ್ರೆಂಟಿಸ್ ಸ್ಥಾನ ಖಾತ್ರಿಯಾದರೆ ಆ ಭತ್ಯೆಯ ಅಗತ್ಯವೇ ಅನೇಕರಿಗೆ ಬೀಳದು.

7. ಪಠ್ಯಪುಸ್ತಕ, ಪ್ರಯೋಗ ಕೈಪಿಡಿ ಮತ್ತು ಪ್ರಶ್ನೆಪತ್ರಿಕೆಗಳು ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲೂ ಇರಬೇಕು. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ವಿದ್ಯಾರ್ಥಿಗೆ ತೊಲೆಯ ಮೇಲೆ ಭಾರ ಬಿದ್ದಾಗ ಅದು ಎಲ್ಲಿ ಕತ್ತರಿಸಿಕೊಳ್ಳಲು ನೋಡುತ್ತದೆ, ಎಲ್ಲಿ ಬಾಗಲು ನೋಡುತ್ತದೆ ಎಂಬುದು ಕನ್ನಡದಲ್ಲಿ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಆಮೇಲೆ ಷಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್ ಎಂಬ ಪದಗಳನ್ನು ಕಲಿಯುವುದು ಕಷ್ಟವಲ್ಲ. 2021ರಿಂದ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿ ನೀಡಿದ್ದರೂ, ಉದ್ಯೋಗದ ಭಯದಿಂದ ಪೂರ್ಣ ಕನ್ನಡ ಮಾಧ್ಯಮಕ್ಕೆ ಹಿಂಜರಿಯುವವರಿಗೆ ದ್ವಿಭಾಷಾ ಕಲಿಕೆಯೇ ಸೂಕ್ತ ದಾರಿ.

8. ಪ್ರತಿ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜು ತನ್ನ ಪ್ರವೇಶ, ಫಲಿತಾಂಶ, ಖಾಲಿ ಹುದ್ದೆ, ಕಾರ್ಯಾಗಾರದ ಸ್ಥಿತಿ ಹಾಗೂ ಅಪ್ರೆಂಟಿಸ್ ನೇಮಕದ ವಿವರಗಳನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಸಾರ್ವಜನಿಕವಾಗಿ ಪ್ರಕಟಿಸಬೇಕು.

ಪ್ರಾರ್ಥನೆ

ಮೇಲಿನ ಬೇಡಿಕೆಗಳಲ್ಲಿ ನಾಲ್ಕು, ಏಳು ಮತ್ತು ಎಂಟನೆಯವಕ್ಕೆ ಹೊಸ ಕಟ್ಟಡವಾಗಲಿ ಹೊಸ ಕಾನೂನಾಗಲಿ ಬೇಕಿಲ್ಲ. ಇಲಾಖೆಯ ಆದೇಶವೇ ಸಾಕಾಗಿರುವುದರಿಂದ ಅವು ಮುಂದಿನ ಶೈಕ್ಷಣಿಕ ವರ್ಷದೊಳಗೇ ಜಾರಿಗೆ ಬರಬೇಕೆಂದೂ, ಉಳಿದವನ್ನು ಮುಂದಿನ ಆಯವ್ಯಯದಲ್ಲಿ ಸೇರಿಸಬೇಕೆಂದೂ, ಕೌಶಲ್ಯಾಭಿವೃದ್ಧಿ ಇಲಾಖೆಯೊಡನೆ ಜಂಟಿ ಸಭೆ ಕರೆದು ಅದರಲ್ಲಿ ಮನವಿದಾರರ ಪ್ರತಿನಿಧಿಗಳಿಗೂ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕೆಂದೂ ಮನವಿದಾರರು ವಿನಂತಿಸುತ್ತಾರೆ. ಸೀಮಿತ ವರಮಾನದ ಸಂಸ್ಥಾನವೊಂದು 1917ರಲ್ಲಿ ಕೈಗೊಂಡ ಹೊಣೆಯನ್ನು ಇಂದಿನ ರಾಜ್ಯ ಸರ್ಕಾರ ತನ್ನದೆಂದು ಮತ್ತೆ ಒಪ್ಪಿಕೊಂಡು, ಈ ಮನವಿಗೆ ಲಿಖಿತ ಉತ್ತರ ನೀಡಿ, ಕ್ರಮದ ಕಾಲಪಟ್ಟಿಯನ್ನು ಪ್ರಕಟಿಸಬೇಕೆಂದು ಕೋರಲಾಗಿದೆ.



ಇಂತಿ ತಮ್ಮ ವಿಶ್ವಾಸಿಗಳು,
ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಯ ಮನವಿದಾರರು
ಸ್ಥಳ: ಬೆಂಗಳೂರು