ಗೃಹಕೃತ್ಯ: ಚಹದ ಎಲೆಯೂ ಊರಿನ ನೀರೂ

ಬಳ್ಳಾರಿಯ ಕಡೆಯ ಮನೆಗಳಲ್ಲಿ ಬೆಳಗಿನ ಒಗ್ಗರಣೆ ಮಿರ್ಚಿಗಳ ತರುವಾಯ ಚಹವು ಬಾರದಿದ್ದರೆ ಉಪಾಹಾರವು ಮುಗಿಯಿತೆಂದು ಒಪ್ಪುವವರು ವಿರಳ. ಆದರೆ ಚಹವು ಕೆಟ್ಟ ದಿನ ನಮ್ಮವರು ದೂರುವುದು ಪುಡಿಯನ್ನು, ಇಲ್ಲವೆ ಹಾಲಿನವನನ್ನು. ನೀರಿನ ವಿಚಾರವನ್ನು ಎತ್ತುವವರಿಲ್ಲ. ಈ ಸಂಚಿಕೆಯಲ್ಲಿ ನಾವು ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಎಲೆಯ ಮಾತು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸಣ್ಣ ಹರಳಿನಂತಹ ಪುಡಿ. ಎಲೆಯನ್ನು ಹಿಸುಕಿ, ಹರಿದು, ಸುರುಳಿಸುವ ಈ ಯಂತ್ರಕ್ರಮವು 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಇದು ಬೇಗನೆ ಬಣ್ಣ ಬಿಡುವುದು, ಹಾಲನ್ನೂ ತಾಳುವುದು; ಎರಡು ಮೂರು ನಿಮಿಷ ಕುದಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಕುದಿಸಿದರೆ ಒಗರು. ನೀಲಗಿರಿಯ ಅಥವಾ ಡಾರ್ಜಿಲಿಂಗಿನ ಉದ್ದನೆಯ ಎಲೆಯನ್ನು ಮಾತ್ರ ಒಲೆಯ ಮೇಲೆ ಹೀಗೆ ಹಿಂಸಿಸಲಾಗದು. ಒಂದು ಲೋಟಕ್ಕೆ ಸುಮಾರು 2 ಗ್ರಾಂ ಎಲೆಯ ಮೇಲೆ ಕುದಿಯುವ ನೀರನ್ನು ಸುರಿದು, ಮುಚ್ಚಿ, 3ರಿಂದ 5 ನಿಮಿಷ ಬಿಟ್ಟು ಸೋಸಬೇಕು. ಹಸಿರು ಚಹವು ಇನ್ನೂ ಸುಕುಮಾರ; ಕುದಿದ ನೀರನ್ನು ಇಳಿಸಿ ಕೊಂಚ ಆರಿಸಿ, ಸುಮಾರು 80 ಡಿಗ್ರಿಗೆ ಬಂದಮೇಲೆ ಎರಡೇ ನಿಮಿಷ ನೆನೆಸತಕ್ಕದ್ದು. ಹಸಿರು ಚಹ ಕಹಿಯೆಂದು ಮೂಗು ಮುರಿಯುವವರಲ್ಲಿ ಅನೇಕರು ಅದನ್ನು ಕಷಾಯದಂತೆ ಕಾಯಿಸಿದವರು.

ಶುಂಠಿಯ ಚಹದಲ್ಲಿ ಹಾಲೊಡೆಯುವುದು ಹಲವರ ಅನುಭವ. ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಸತ್ವವುಂಟು. ಶುಂಠಿಯನ್ನು ಜಜ್ಜಿ ಮೊದಲು ನೀರಿನಲ್ಲಿಯೇ ಚೆನ್ನಾಗಿ ಕುದಿಸಿದರೆ ಅದರ ಶಕ್ತಿಯು ಅಡಗುವುದು. ಹಾಲು ಆಮೇಲೆ. ಬೆಲ್ಲದ ಚಹಕ್ಕಾದರೋ, ಪಾತ್ರೆಯನ್ನು ಇಳಿಸಿದ ಬಳಿಕವೇ ಬೆಲ್ಲವನ್ನು ಹಾಕಿ ಕರಗಿಸುವುದು ಲೇಸು.

ಇನ್ನು ನೀರು. ಸಿರುಗುಪ್ಪವು ತುಂಗಭದ್ರೆಯ ದಡದ ಊರು. ಬಳ್ಳಾರಿ ನಗರಕ್ಕೂ ಅದೇ ಹೊಳೆಯ ನೀರು ಕಾಲುವೆಯಿಂದ ಬರುವುದು. ಕುರುಗೋಡಿನಂತಹ ಕಲ್ಲುಬೆಟ್ಟಗಳ ಸೀಮೆಯಲ್ಲಿಯಾದರೋ ಕೊಳವೆಬಾವಿಯನ್ನು ನೆಚ್ಚಿಕೊಂಡ ಮನೆಗಳೂ ಉಂಟು. ಬಾವಿಯ ನೀರು ಗಡಸೋ ಅಲ್ಲವೋ ಎಂಬುದನ್ನು ತಿಳಿಯಲು ಪ್ರಯೋಗಶಾಲೆಯೇನೂ ಬೇಡ. ಸಾಬೂನು ನೊರೆಗಟ್ಟದೆ, ಬೇಳೆ ಬೇಯದೆ, ಪಾತ್ರೆಯ ತಳದಲ್ಲಿ ಬಿಳಿಯ ಪರೆ ಕೂತರೆ ಅದು ಗಡಸು ನೀರು. ಅಂತಹ ನೀರಿನ ಚಹವು ಮಂಕಾಗಿ, ಮೇಲೆ ಎಣ್ಣೆಯಂತಹ ತೆಳುವಾದ ಕೆನೆಯನ್ನು ಕಟ್ಟುವುದು. ಪುಡಿಯನ್ನು ಎಷ್ಟು ಸುರಿದರೂ ಪರಿಮಳವು ಏಳದು. ಹಾಲಿಲ್ಲದ ಚಹವಾದರೆ ನಾಲ್ಕು ತೊಟ್ಟು ನಿಂಬೆರಸದಿಂದ ಆ ಕೆನೆಯು ಕರಗುವುದು.

ರುಚಿಯಷ್ಟೇ ಕೆಡುವಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಬಳ್ಳಾರಿ ಜಿಲ್ಲೆಯ ಕೆಲವು ಹಳ್ಳಿಗಳ ಬಾವಿನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದೆಂದೂ ನಮ್ಮ ದೇಶದ ಕಟ್ಟಳೆ. ಬಹುಕಾಲ ಹೆಚ್ಚಾಗಿ ಸೇವಿಸಿದರೆ ಬೆಳೆಯುವ ಮಕ್ಕಳ ಹಲ್ಲು ಕಂದುಗಟ್ಟುವುದು, ದೊಡ್ಡವರ ಕೀಲುಗಳು ಬಿಗಿಯುವುವು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆಯು ಏರುವುದು. ಅದರ ಮೇಲೆ ಚಹದ ಗಿಡವೂ ನೆಲದಿಂದ ಅದನ್ನೇ ಹೀರಿಕೊಳ್ಳುವ ಜಾತಿಯದು. ಚಿಗುರಿಗಿಂತ ಬಲಿತ ಎಲೆಯಲ್ಲಿ ಅದು ಹೆಚ್ಚು.

ಆದುದರಿಂದ ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಕೊಡ ತಂದು, ಚಹಕ್ಕೆ ಮಾತ್ರ, ಹೇಗೂ ಕುದಿಯುವುದಲ್ಲ ಎಂದು, ಬಾವಿಯ ನೀರನ್ನೇ ಏರಿಸುವ ಮಿತವ್ಯಯವು ಮನೆಗೆ ಬಲು ದುಬಾರಿಯಾದೀತು. ಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಚಹದ ಪಾತ್ರೆಗೂ ಆ ಕೊಡದಿಂದಲೇ ನೀರು ಹಾಕಿ. ಮಧ್ಯಾಹ್ನ ಮಿಕ್ಕ ಚಹವನ್ನು ಸಂಜೆ ಮತ್ತೆ ಕುದಿಸಿ ಹಂಚುವುದೂ ಬೇಡ. ಚಿಕ್ಕ ಮಕ್ಕಳಿಗೆ ಚಹದ ಲೋಟವೇ ಬೇಡ. ಅವರು ಹಟ ಮಾಡಿದರೆ ಏಲಕ್ಕಿ ಹಾಕಿದ ಬಿಸಿಹಾಲನ್ನು ಅದೇ ಲೋಟದಲ್ಲಿ ಕೊಡಿ.