ದೂರದ ಸೈಕಲ್ ಸವಾರಿ: ಬಾಯಾರುವ ಮುಂಚೆಯೇ ನೀರು ಕುಡಿಯುತ್ತಿರಬೇಕೇ?

ಮಾರ್ಚ್ ತಿಂಗಳ ಒಂದು ಭಾನುವಾರ ಎಂದುಕೊಳ್ಳೋಣ. ನಸುಕಿನಲ್ಲೇ ಹಾಸನದಿಂದ ಬೇಲೂರು ರಸ್ತೆಯಲ್ಲಿ ಗೇರ್ ಸೈಕಲ್ ಹತ್ತಿ ಹೊರಟು, ದೊಡ್ಡಗದ್ದವಳ್ಳಿಯ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಾಲಯದ ಬಳಿ ಮೊದಲ ವಿರಾಮ. ಅಲ್ಲಿಂದ ಡಾಂಬರು ಬಿಟ್ಟು ಹೊಲದ ದಾರಿ, ಬಂಡಿ ಜಾಡು ಹಿಡಿದು ಹಳೇಬೀಡು. ಮುಂದೆ ಜಾವಗಲ್ ಮೇಲೆ ಅರಸೀಕೆರೆ ಕಡೆಗೆ. ಹೋಗುತ್ತಾ ಹೋಗುತ್ತಾ ಮರಗಳು ವಿರಳವಾಗುತ್ತವೆ, ಗಾಳಿ ಒಣಗುತ್ತದೆ. ಒಂದೇ ಜಿಲ್ಲೆಯಾದರೂ ಸಕಲೇಶಪುರದಲ್ಲಿ ಸುರಿಯುವ ಮಳೆಯ ಅರ್ಧದಷ್ಟೂ ಈ ಬಯಲಿಗೆ ಬೀಳುವುದಿಲ್ಲ.

ಇಂಥ ಸವಾರಿಗೆ ಹೊರಟವರಿಗೆ ಎಲ್ಲರೂ ಹೇಳುವ ಮಾತು ಒಂದೇ: "ಬಾಯಾರಿಕೆ ಆಯಿತೆಂದರೆ ತಡವಾಯಿತು ಎಂದೇ ಅರ್ಥ. ಮುಂಚೆಯೇ ಕುಡಿಯುತ್ತಿರಿ, ಎಷ್ಟು ಕುಡಿದರೂ ಒಳ್ಳೆಯದೇ." ಇದರಲ್ಲಿ ನಿಜವೆಷ್ಟು, ತಪ್ಪೆಷ್ಟು? ಈ ಲೆಕ್ಕ ತಪ್ಪಿದರೆ ಜೀವಕ್ಕೇ ಅಪಾಯ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಬೆವರು ಏಕೆ ಬೇಕು?

ಪೆಡಲ್ ತುಳಿಯುವಾಗ ನಾವು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಮಾತ್ರ ಚಕ್ರಕ್ಕೆ ಸೇರುತ್ತದೆ. ಉಳಿದದ್ದು ಶಾಖವಾಗುತ್ತದೆ. ಚಕ್ರಕ್ಕೆ 100 ವ್ಯಾಟ್ ಕೊಡುವ ಸಾಧಾರಣ ಸವಾರನ ದೇಹದಲ್ಲಿ 300ರಿಂದ 400 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಲೆಕ್ಕ ಹಾಕಿದರೆ, ಈ ಶಾಖವನ್ನು ಬೆವರಿನಿಂದಲೇ ಕಳೆಯಲು ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಆವಿಯಾಗಬೇಕು. ನೆತ್ತಿಯ ಮೇಲಿನ ಬಿಸಿಲು, ಏರುದಾರಿ ಸೇರಿದರೆ ಗಂಟೆಗೆ ಒಂದು ಲೀಟರ್ ದಾಟಬಹುದು.

ಒಣ ಗಾಳಿ ನಮ್ಮನ್ನು ಮೋಸಗೊಳಿಸುವುದು ಇಲ್ಲೇ. ಮಂಗಳೂರಿನ ಸೆಕೆಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ, ಅಂಗಿ ಒದ್ದೆಯಾಗುತ್ತದೆ. ಬಯಲುಸೀಮೆಯಲ್ಲಿ ಅದೇ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. "ನಾನೇನೂ ಬೆವರಲೇ ಇಲ್ಲ" ಎನ್ನುವವರ ಅಂಗಿಯ ಮೇಲಿನ ಬಿಳಿ ಉಪ್ಪಿನ ಗೆರೆಗಳೇ ಅದಕ್ಕೆ ಉತ್ತರ.

ಮರುಭೂಮಿ ಕಲಿಸಿದ ಪಾಠ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರ ಮೇಲೆ ಅಧ್ಯಯನ ನಡೆಸಿದರು. ಅದರ ಪುಸ್ತಕ 1947ರಲ್ಲಿ ಬಂತು. ನೀರನ್ನು ಕುಡಿಯದೆ ಉಳಿಸಿದರೆ ಬೆವರು ಕಡಿಮೆಯಾಗುತ್ತದೆ ಎಂಬ ನಂಬಿಕೆ ಸುಳ್ಳೆಂದು ಅವರು ತೋರಿಸಿದರು. ಬಾಟಲಿಯಲ್ಲಿ ಉಳಿಸಿದ ನೀರಿಂದ ದೇಹಕ್ಕೆ ಲಾಭವಿಲ್ಲ. ಬಿಸಿಲಿನಲ್ಲಿ ಬಟ್ಟೆ ತೊಟ್ಟವರಿಗಿಂತ ಬರಿಮೈಯಲ್ಲಿ ಇದ್ದವರೇ ಹೆಚ್ಚು ಬೆವರಿದರು. ಹಾಗಾಗಿ ಸಡಿಲವಾದ, ತಿಳಿಬಣ್ಣದ ತುಂಬುತೋಳಿನ ಅಂಗಿ ಒಳ್ಳೆಯದು.

ಅವರು ಗಮನಿಸಿದ ಇನ್ನೊಂದು ಸಂಗತಿಯಿದೆ. ಬೇಕಾದಷ್ಟು ನೀರು ಕೈಯಲ್ಲಿದ್ದರೂ ಸೈನಿಕರು ಕೆಲಸದ ಹೊತ್ತಿನಲ್ಲಿ ಕಳೆದುಕೊಂಡಷ್ಟನ್ನೂ ಕುಡಿಯುತ್ತಿರಲಿಲ್ಲ. ಕೊರತೆ ತುಂಬುತ್ತಿದ್ದದ್ದು ಊಟದ ಹೊತ್ತಿಗೆ. ಊಟದ ಉಪ್ಪು ಸೇರಿದಾಗಲೇ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಸವಾರಿಯ ನಡುವೆ ಸ್ವಲ್ಪ ಕೊರತೆಯಾದರೆ ಆರೋಗ್ಯವಂತರು ಗಾಬರಿಪಡಬೇಕಿಲ್ಲ.

ನೀರು ಹೆಚ್ಚಾದರೆ?

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ನಾವು ಬರೀ ನೀರನ್ನು ಲೀಟರ್‌ಗಟ್ಟಲೆ ತುಂಬಿಕೊಂಡರೆ ರಕ್ತ ತೆಳುವಾಗುತ್ತದೆ. ಸಾಮಾನ್ಯ ದಿನ ಮೂತ್ರಪಿಂಡಗಳು ಹೆಚ್ಚಾದ ನೀರನ್ನು ಹೊರಹಾಕುತ್ತವೆ. ಆದರೆ ದೀರ್ಘ ದಣಿವಿನ ಹೊತ್ತಿನಲ್ಲಿ ನೀರನ್ನು ತಡೆಹಿಡಿಯುವ ಹಾರ್ಮೋನು ಏರಿರುವುದರಿಂದ ಆ ಕೆಲಸ ನಿಧಾನವಾಗುತ್ತದೆ. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಂಡು ಫಿಟ್ಸ್ ಬರಬಹುದು, ಸಾವೂ ಸಂಭವಿಸಬಹುದು.

ಇದು ಅಪರೂಪದ ಮಾತಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ 13% ಮಂದಿಯಲ್ಲಿ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ ಇತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರು ಮತ್ತು 4 ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರಲ್ಲಿ ಇದು ಹೆಚ್ಚಾಗಿ ಕಂಡಿತು. ನಿಧಾನವಾಗಿ ಹೋಗುತ್ತಾ, ನಿಂತಲ್ಲೆಲ್ಲ ಒಂದು ಬಾಟಲಿ ಖಾಲಿ ಮಾಡುವ ನಮ್ಮ ಭಾನುವಾರದ ಸವಾರರೂ ಇದೇ ಸಾಲಿಗೆ ಸೇರುತ್ತಾರೆ.

ಎಳನೀರು, ಮಜ್ಜಿಗೆ, ಓಆರ್‌ಎಸ್

ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಎಳನೀರಿಗೆ ಬರವಿಲ್ಲ. ಅದು ಒಳ್ಳೆಯ ಪಾನೀಯವೇ. ಆದರೆ ಅದರಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಹಾಗಾಗಿ ಎಳನೀರಿನ ಜೊತೆ ಉಪ್ಪಿನಂಶದ ತಿಂಡಿಯೂ ಬೇಕು. ಉಪ್ಪು ಹಾಕಿದ ಮಜ್ಜಿಗೆ, ಚಿತ್ರಾನ್ನ, ಉಪ್ಪಿಟ್ಟು ಯಾವುದಾದರೂ ಆದೀತು. ಓಆರ್‌ಎಸ್ ಬಳಸುವುದಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ, ಅಂದಾಜಿನಲ್ಲಿ ಬೆರೆಸಬೇಡಿ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು.

ಹಾಗಾದರೆ ಎಷ್ಟು ಕುಡಿಯಬೇಕು?

ಹೊರುವ ನೀರಿನ ಲೆಕ್ಕ ಬೇರೆ, ಕುಡಿಯುವ ನೀರಿನ ಲೆಕ್ಕ ಬೇರೆ. ಮುಂದಿನ ಊರು ಮುಟ್ಟುವವರೆಗೆ ಗಂಟೆಗೆ ಒಂದು ಲೀಟರಿನಂತೆ ಹೊತ್ತುಕೊಳ್ಳಿ. ದಾರಿಯಲ್ಲಿ ಚಕ್ರ ಪಂಕ್ಚರ್ ಆದರೂ ಕೈಕೊಡುವುದಿಲ್ಲ. ಕುಡಿಯುವಾಗ ಬಾಯಾರಿಕೆಯ ಮಾತು ಕೇಳಿ. ಬಾಯಾರಿದರೆ ತಡೆಯಬೇಡಿ, ಬೇಡವೆನಿಸಿದರೆ ಒತ್ತಾಯಕ್ಕೆ ಕುಡಿಯಬೇಡಿ. ವಯಸ್ಸಾದವರಿಗೆ ಬಾಯಾರಿಕೆ ಮಂದವಾಗಿರುವುದರಿಂದ ಅವರು ಮಾತ್ರ ಆಗಾಗ ನೆನಪಿಟ್ಟು ಗುಟುಕರಿಸುವುದು ಲೇಸು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಹೊರಡುವ ಮುಂಚೆ, ಬಂದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಕೊರತೆ. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ.

ಜೊತೆಗಾರ ತಡವರಿಸಿದರೆ

ತಲೆನೋವು, ವಾಕರಿಕೆ ಎರಡೂ ಸ್ಥಿತಿಯಲ್ಲಿ ಬರುತ್ತವೆ. ಹೊಟ್ಟೆ ಉಬ್ಬರ, ಊದಿದ ಬೆರಳು, ಕುಡಿದದ್ದೂ ಹೆಚ್ಚು ಎಂದಾದರೆ ಮತ್ತೆ ನೀರು ಕುಡಿಸಬೇಡಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ ಅದು ಬಿಸಿಲಾಘಾತ ಇರಬಹುದು: ಕೂಡಲೇ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ. ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಯಾವುದೇ ಕಾರಣಕ್ಕಿರಲಿ, ಮಾತು ತಡವರಿಸಿದರೆ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

"ಬಾಯಾರುವ ಮುಂಚೆಯೇ ಕುಡಿ" ಎಂಬ ಮಾತು ಕಾಳಜಿಯಿಂದಲೇ ಹುಟ್ಟಿದ್ದು. ಆದರೆ ಬಾಟಲಿ ತುಂಬಿಸುವಾಗ ಇರಬೇಕಾದ ಧಾರಾಳ ಗಂಟಲಿಗೆ ಸುರಿಯುವಾಗ ಬೇಕಿಲ್ಲ.